ಕಾಲ್ಚೆಂಡಿಗೆ ಸಿಕ್ಕ ಹಿಮ್ಮೇಳ

2018ರ ಮಾರ್ಚ್ 17ರ ಸಂಜೆ, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಗೆ ಎದುರಾಳಿ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೇ ಸುನಿಲ್ ಛೆಟ್ರಿ ಮುಂದಕ್ಕೆ ಹಾರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಸಲ ಗೋಲು ಹೊಡೆದು ಆಟದ ದಿಕ್ಕನ್ನೇ ತಿರುಗಿಸಿಬಿಟ್ಟರು. ಕೊನೆಗೆ 3–2ರ ಸೋಲು. ಮನೆಯಂಗಳದಲ್ಲೇ ಕೈತಪ್ಪಿದ ಕಪ್ಪು ಅದು. ಆದರೂ ಐದು ವರ್ಷ ಹಿಂದೆ ಹೆಸರೇ ಇಲ್ಲದಿದ್ದ ತಂಡವೊಂದಕ್ಕಾಗಿ ಇಡೀ ಊರು ನೀಲಿ ಅಂಗಿ ತೊಟ್ಟು ಬಂದದ್ದು ಹೇಗೆ?

ಬೇರು ದಂಡುಪ್ರದೇಶದಲ್ಲಿದೆ. ಬ್ರಿಟಿಷ್ ಸಿಪಾಯಿಗಳು ತಂದ ಆಟವನ್ನು ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಹುಡುಗರು ಬರಿಗಾಲಲ್ಲಿ ಕಲಿತು ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಪಲ್ಟನ್ ತಂಡಗಳ ಸ್ವತ್ತಾಗಿದ್ದ ಆ ಕಪ್ಪನ್ನು ಮೊದಲು ಎತ್ತಿದ ಭಾರತೀಯ ತಂಡ ಅದೇ. ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇದೇ ಊರಿನ ಮೈದಾನಗಳಲ್ಲಿ ಬೆಳೆದವರು. ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ. ವಿಶ್ವಕಪ್ ಬಂದರೆ ಬೀದಿಯೇ ಹಬ್ಬದ ಚಪ್ಪರ. ತಮಿಳು, ದಖನಿ, ಕನ್ನಡ, ಇಂಗ್ಲಿಷ್ ಎಲ್ಲವೂ ಕಲೆತ ಆ ಗಲ್ಲಿಗಳ ಗದ್ದಲವೇ ನಮ್ಮ ಕಾಲ್ಚೆಂಡಿನ ಮೊದಲ ಸಂಗೀತ ಎಂದು ನಾನು ನಂಬಿದ್ದೇನೆ.

ಆಟಕ್ಕೆ ಸಂಗೀತ ಸೇರುವ ಬಗೆ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಮನರಂಜನೆ ಬೆಳೆದ ದಾರಿಯೇ ಬೇರೆ. (ಅವರ ಫುಟ್‌ಬಾಲೂ ಬೇರೆ, ಅದು ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಆಟ.) 1967ರ ಮೊದಲ ಪಂದ್ಯದ ವಿರಾಮದಲ್ಲಿ ಕಾಲೇಜು ಬ್ಯಾಂಡ್‌ಗಳು ನುಡಿಸಿದ್ದವು. 1992ರಲ್ಲಿ ಇನ್ನೊಂದು ಟಿವಿ ವಾಹಿನಿ ಅದೇ ವಿರಾಮದ ಹೊತ್ತಿಗೆ ತನ್ನ ಹಾಸ್ಯ ಕಾರ್ಯಕ್ರಮ ಹಾಕಿ ನೋಡುಗರನ್ನು ಸೆಳೆದುಕೊಂಡಿತು. ಆ ಪೆಟ್ಟಿಗೆ ಉತ್ತರವಾಗಿ 1993ರಲ್ಲಿ ಮೈಕಲ್ ಜಾಕ್ಸನ್ ವೇದಿಕೆಗೆ ಬಂದರು. ಅಲ್ಲಿಂದಾಚೆಗೆ ವಿರಾಮದ ಹಾಡೇ ಆಟದಷ್ಟು ದೊಡ್ಡ ಸುದ್ದಿ.

ಬೆಂಗಳೂರಿನಲ್ಲಿ ಹಾಡು ವೇದಿಕೆಯಿಂದ ಇಳಿದು ಬರಲಿಲ್ಲ, ಗ್ಯಾಲರಿಯಲ್ಲಿ ಹುಟ್ಟಿತು. 2013ರಲ್ಲಿ ಜೆಎಸ್‌ಡಬ್ಲ್ಯು ಬೆಂಗಳೂರು ಎಫ್‌ಸಿ ಕಟ್ಟಿದಾಗ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳಲ್ಲಿ ಅಭಿಮಾನಿಗಳ ಗುಂಪೊಂದು ಸೇರಿತು. ಕೂತ ಜಾಗವೇ ಹೆಸರಾಯಿತು: ವೆಸ್ಟ್ ಬ್ಲಾಕ್ ಬ್ಲೂಸ್. ಡ್ರಮ್ಮು, ಬಾವುಟ, ತಾವೇ ಕಟ್ಟಿದ ಘೋಷಣೆ. ತೊಂಬತ್ತು ನಿಮಿಷವೂ ನಿಂತೇ ನೋಡುವ ಹಟ. ಮೊಳಕಾಲ್ಮೂರು, ಚಳ್ಳಕೆರೆಯ ಕಡೆ ಬಯಲಾಟ ನೋಡಿದವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ: ಹಿಮ್ಮೇಳ ದನಿ ಎತ್ತಿದರೆ ದಣಿದ ಪಾತ್ರಧಾರಿಯ ಕಾಲೂ ಮತ್ತೆ ಕುಣಿಯುತ್ತದೆ. ಮೊದಲ ಸೀಸನ್ನಿನಲ್ಲೇ, 2014ರ ಏಪ್ರಿಲ್‌ನಲ್ಲಿ, ಗೋವಾದಲ್ಲಿ ಡೆಂಪೊವನ್ನು 4–2ರಿಂದ ಸೋಲಿಸಿ ತಂಡ ಐ-ಲೀಗ್ ಕಿರೀಟ ತೊಟ್ಟಿತು. ಮುಂದೆ ಕಂಠೀರವಕ್ಕೆ ಹೋದಾಗ ಹಿಮ್ಮೇಳವೂ ಜೊತೆಗೇ ಹೋಯಿತು. ಪಂದ್ಯ ಮುಗಿದ ಮೇಲೆ ಆಟಗಾರರು ಗ್ಯಾಲರಿಯ ಮುಂದೆ ನಿಂತು, ತಲೆಯ ಮೇಲೆ ಕೈಯೆತ್ತಿ, ಅಭಿಮಾನಿಗಳ ಜೊತೆ ಒಂದೇ ತಾಳದಲ್ಲಿ ಚಪ್ಪಾಳೆ ತಟ್ಟುವ ಪದ್ಧತಿಯೂ ಬೆಳೆಯಿತು. ಐಸ್‌ಲ್ಯಾಂಡಿನ ಅಭಿಮಾನಿಗಳಿಂದ ಜಗತ್ತಿಗೆ ಹಬ್ಬಿದ ಚಪ್ಪಾಳೆ ಅದು.

ಕಂಠೀರವದಲ್ಲಿ ತಪ್ಪಿದ ಕಪ್ಪು ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಸಿಕ್ಕಿತು. ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲೊಂದೇ ಸಾಕಾಯಿತು. 2023ರ ಜುಲೈ 4ರಂದು ಅದೇ ಕಂಠೀರವದಲ್ಲಿ ಭಾರತ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್ ಆಡಿತು. 1–1ರ ಸಮಬಲದ ನಂತರದ ಪೆನಾಲ್ಟಿಯಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಕುವೈತ್‌ನ ಕೊನೆಯ ಹೊಡೆತ ತಡೆದರು. ಕ್ರೀಡಾಂಗಣವೇ ಒಂದು ಕೊರಳಾಗಿ ವಂದೇ ಮಾತರಂ ಹಾಡಿತು.

ಅದೇ ವರ್ಷದ ಮಾರ್ಚ್ 4ರ ಗೆಲುವಿಗೆ ಮಾತ್ರ ಇಂಥ ಕೊರಳು ಸಿಗಲಿಲ್ಲವೆಂಬ ಕೊರಗು ನನಗಿದೆ. ರವಿ ಬಾಬು ರಾಜು ತರಬೇತಿಯ ಕರ್ನಾಟಕ ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿತು. ಎಂ. ಸುನಿಲ್ ಕುಮಾರ್, ಬೇಕಿ ಓರಂ, ರಾಬಿನ್ ಯಾದವ್ ಗೋಲು ಹೊಡೆದರು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ 54 ವರ್ಷ ಕಾದಿದ್ದ ಕಪ್ಪು ಅದು. ಆದರೆ ಪಂದ್ಯ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ರಾಜ್ಯ ತಂಡಕ್ಕೆ ಆಟಗಾರರನ್ನು ಕೊಡುವ ಸೂಪರ್ ಡಿವಿಷನ್ ಲೀಗ್ ನಡೆಯುವುದು ಬೆಂಗಳೂರಿನಲ್ಲೇ. ಕಂಠೀರವದ ಡ್ರಮ್ಮುಗಳು ಆ ಲೀಗಿನ ಮೆಟ್ಟಿಲುಗಳಿಗೂ ಬರಲಿ.