ನಿಮಗಿದು ಗೊತ್ತೇ? ಗೊಬ್ಬೂರಿನ ಮುಗಿಲನ್ನು ಮೇಲಿನಿಂದ ನೋಡುವವರು

ಮುಂಗಾರು ಬಿತ್ತನೆಯಿಂದ ತೊಗರಿ ರಾಶಿ ಮುಗಿಯುವವರೆಗೆ ಅಫಜಲಪುರ ತಾಲ್ಲೂಕಿನ ಗೊಬ್ಬೂರಿನ ರೈತರ ಕಣ್ಣು ಮುಗಿಲ ಮೇಲೆಯೇ. ಆ ಮುಗಿಲನ್ನು ಮೇಲಿನಿಂದ ಹಗಲಿರುಳು ನೋಡುತ್ತಿರುವವು ನಮ್ಮ ಇನ್ಸಾಟ್ ಹವಾಮಾನ ಉಪಗ್ರಹಗಳು. ಅವುಗಳಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ತಿಳಿದರೆ ಮುನ್ಸೂಚನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

● ಈ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿವೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅವೂ ಒಂದು ಸುತ್ತು ಬರುತ್ತವೆ. ಹಾಗಾಗಿ ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೂ ನಮಗೆ ನಿಂತಲ್ಲೇ ನಿಂತಂತೆ.

● ಗೊಬ್ಬೂರಿನ ಹೊಲದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತು, ಸುಮಾರು 70 ಡಿಗ್ರಿ ಮೇಲಕ್ಕೆ ನೋಡಿ. ಬಲಕ್ಕೆ ತುಸು ವಾಲಿದರೆ 74 ಡಿಗ್ರಿ ಪೂರ್ವ ರೇಖಾಂಶದ ಇನ್ಸಾಟ್-3ಡಿಆರ್. ಎಡಕ್ಕೆ ವಾಲಿದರೆ 82 ಡಿಗ್ರಿಯ ಇನ್ಸಾಟ್-3ಡಿಎಸ್. ಬರಿಗಣ್ಣಿಗೆ ಕಾಣದಿದ್ದರೂ ಅವು ಇರುವುದು ಅಲ್ಲೇ.

● ಇನ್ಸಾಟ್-3ಡಿಆರ್ ಹಾರಿದ್ದು 2016ರ ಸೆಪ್ಟೆಂಬರ್ 8ರಂದು. 2,274 ಕೆ.ಜಿ. ತೂಕದ ಇನ್ಸಾಟ್-3ಡಿಎಸ್ 2024ರ ಫೆಬ್ರುವರಿ 17ರಂದು ಹೋಯಿತು. ಎರಡೂ ಶ್ರೀಹರಿಕೋಟಾದಿಂದಲೇ.

● ಇವುಗಳ ಲಗಾಮು ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದ ಕೈಯಲ್ಲಿದೆ. ಸೂರ್ಯ–ಚಂದ್ರರ ಸೆಳೆತಕ್ಕೆ ಉಪಗ್ರಹ ಅತ್ತಿತ್ತ ಸರಿದರೆ, ಅದರ ಪುಟ್ಟ ಎಂಜಿನ್‌ಗಳನ್ನು ಉರಿಸಿ ಜಾಗಕ್ಕೆ ತರುವವರು ಅಲ್ಲಿನ ಎಂಜಿನಿಯರ್‌ಗಳು.

● ಹವಾಮಾನಕ್ಕೆಂದೇ ಇಸ್ರೋ ಹಾರಿಸಿದ ಮೊದಲ ಉಪಗ್ರಹ 2002ರ ಸೆಪ್ಟೆಂಬರ್ 12ರ ಮೆಟ್‌ಸ್ಯಾಟ್-1. ಗಗನಯಾನಿ ಕಲ್ಪನಾ ಚಾವ್ಲಾ ತೀರಿಕೊಂಡ ಬಳಿಕ, 2003ರಲ್ಲಿ ಅದಕ್ಕೆ ‘ಕಲ್ಪನಾ-1’ ಎಂದು ಹೆಸರಿಡಲಾಯಿತು.

● ಕತ್ತಲಲ್ಲೂ ಮೋಡ ಕಾಣುವುದು ಹೇಗೆ? ಉಪಗ್ರಹ ಅತಿಗೆಂಪು ಕಿರಣಗಳಿಂದ ಮೋಡದ ನೆತ್ತಿಯ ಉಷ್ಣಾಂಶ ಅಳೆಯುತ್ತದೆ. ಮೇಲೇರಿದಷ್ಟೂ ತಂಪು. ನೆತ್ತಿ ಬಹಳ ತಣ್ಣಗಿದ್ದರೆ ಮೋಡ ಬಹಳ ಎತ್ತರಕ್ಕೆ ಬೆಳೆದಿದೆ, ಗುಡುಗು ಮಳೆಯ ಸಾಧ್ಯತೆ ಹೆಚ್ಚು.

● ಗಾಳಿಯ ಓಟವೂ ಉಪಗ್ರಹದಿಂದಲೇ ತಿಳಿಯುತ್ತದೆ. ಅರ್ಧ ಗಂಟೆಗೊಂದರಂತೆ ತೆಗೆದ ಚಿತ್ರಗಳನ್ನು ಹೋಲಿಸಿ, ಮೋಡ ಎತ್ತ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತಾರೆ. ಅಳೆಯುವ ಕೇಂದ್ರಗಳೇ ವಿರಳವಾದ ಸಮುದ್ರದ ಮೇಲೆ ಈ ಲೆಕ್ಕಕ್ಕೆ ಬೆಲೆ ಕಟ್ಟಲಾಗದು.

● ನಮ್ಮ ನೆತ್ತಿಯ ಮೋಡವನ್ನಷ್ಟೇ ನೋಡಿದರೆ ಸಾಲದು. 2020ರ ಅಕ್ಟೋಬರ್ 13ರಂದು ಕಾಕಿನಾಡ ಬಳಿ ದಡ ಸೇರಿದ ವಾಯುಭಾರ ಕುಸಿತ, ತೆಲಂಗಾಣ ಮತ್ತು ಉತ್ತರ ಕರ್ನಾಟಕ ದಾಟಿ ಮಹಾರಾಷ್ಟ್ರಕ್ಕೆ ನುಗ್ಗಿತು. ಅಲ್ಲಿ ಸುರಿದ ಮಳೆಗೆ ಭೀಮಾ ನದಿಯ ಉಜನಿ ಜಲಾಶಯದಿಂದ ನೀರು ಬಿಟ್ಟರು. ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ಹಳ್ಳಿಗಳು ಜಲಾವೃತವಾದವು. ಬಂಗಾಳ ಕೊಲ್ಲಿಯಿಂದ ಭೀಮೆಯ ಮೇಲ್ದಂಡೆಯವರೆಗೆ ಒಂದೇ ನೋಟಕ್ಕೆ ಹಿಡಿಯಲು ಉಪಗ್ರಹವೇ ಬೇಕು.

● ಉಪಗ್ರಹಕ್ಕೂ ಮಿತಿಯಿದೆ. ಅತಿಗೆಂಪು ಚಿತ್ರದ ಒಂದು ಚುಕ್ಕೆ ಸುಮಾರು 4 ಕಿ.ಮೀ. ಅಗಲ. ಊರು, ಹಳ್ಳ, ಹೊಲ ಎಲ್ಲ ಒಂದೇ ಚುಕ್ಕೆಯೊಳಗೆ! ಒಂದು ಹೊಲಕ್ಕೆ ಮಳೆ ಬಿದ್ದು ಪಕ್ಕದ ಹೊಲ ಒಣಗಿ ನಿಂತರೆ ಅದಕ್ಕೆ ತಿಳಿಯದು.

● ಆ ಕೊರತೆ ತುಂಬುವುದು ನೆಲದ ಮೇಲಿನ ಮಳೆಮಾಪಕ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅಳವಡಿಸಿದ ಸ್ವಯಂಚಾಲಿತ ಮಾಪಕಗಳು 15 ನಿಮಿಷಕ್ಕೊಮ್ಮೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಲೆಕ್ಕ ಕಳಿಸುವಂತಿವೆ. ನಿಮ್ಮೂರಿನ ಮಾಪಕಕ್ಕೆ ದನಕರು ತಾಗದಂತೆ, ಗಿಡ ಮರೆಯಾಗದಂತೆ ಕಾಯುವುದೂ ಹವಾಮಾನ ಸೇವೆಯೇ.

● ಸಿಡಿಲಿನ ಸೂಚನೆ ಬೇಕೇ? ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನೆಲದ ಮೇಲಿನ ಸಂವೇದಕಗಳ ನೆರವಿನಿಂದ ಸುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

● ಹವಾಮಾನ ಎಚ್ಚರಿಕೆಯ ಬಣ್ಣಗಳಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಜ್ಜಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ರೈತರಿಗೆಂದೇ ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ; ‘ಮೇಘದೂತ’ ಆ್ಯಪ್‌ನಲ್ಲಿ ಕನ್ನಡದಲ್ಲೇ ಓದಬಹುದು. ತೊಗರಿಗೆ ಎಣ್ಣಿ ಹೊಡೆಯುವ ಮುನ್ನ, ರಾಶಿಗೆ ಕಟಾವು ಮಾಡುವ ಮುನ್ನ ಒಮ್ಮೆ ನೋಡಿ. ಸಂಜೆ ಮಳೆಯಿದೆಯೆಂದು ಬೆಳಿಗ್ಗೆಯೇ ತಿಳಿದರೆ ಹೊಡೆದ ಔಷಧಿ ತೊಳೆದುಹೋಗುವುದೂ ತಪ್ಪುತ್ತದೆ, ಕೂಲಿಯ ದುಡ್ಡೂ ಉಳಿಯುತ್ತದೆ.