ವಾಯರ್ ಕೆಟ್ಟಿಲ್ಲ, ಕಾಲುವೆ ಸಣ್ಣದು

ಸವದತ್ತಿ ಕಡೆಯ ಓದುಗರೊಬ್ಬರ ಪ್ರಶ್ನೆ: ‘ಕಂಪ್ಯೂಟರಿನಿಂದ ಹೋಮ್ ಥಿಯೇಟರ್ ರಿಸೀವರಿಗೆ ಆಪ್ಟಿಕಲ್ ವಾಯರ್ ಹಾಕೀನ್ರಿ. ಡಿವಿಡಿ ಸಿನಿಮಾ ಹಚ್ಚಿದರ ಎಲ್ಲಾ ಬಾಕ್ಸೂ ಮಾತಾಡ್ತಾವ. ಗೇಮ್ ಹಚ್ಚಿದರ ಹಿಂದಿನವು ಗಪ್‌ಚಿಪ್. ವಾಯರ್ ಕೆಟ್ಟೈತೇನ್ರಿ?’

ಕೆಟ್ಟಿಲ್ಲ. ಕೆಟ್ಟಿದ್ದರೆ ಸಿನಿಮಾಕ್ಕೂ ಕೆಡಬೇಕಿತ್ತಲ್ಲ! ತೋಷಿಬಾ ಕಂಪನಿ 1983ರಲ್ಲಿ ಈ ಬೆಳಕಿನ ಕೊಂಡಿಯನ್ನು ತಂದದ್ದು ಸಿಡಿ ಪ್ಲೇಯರಿಗಾಗಿ. ಸಿಡಿಯಲ್ಲಿ ಇರುವುದು ಎಡ, ಬಲ, ಎರಡೇ ವಾಹಿನಿ. ನಿಮ್ಮ ನವಿಲುತೀರ್ಥದ ಜಲಾಶಯದಲ್ಲಿ 37.73 ಟಿಎಂಸಿ ನೀರು ಹಿಡಿಯುತ್ತದೆ. ಅದು ಭರ್ತಿಯಾಯಿತೆಂದು ಕಾಲುವೆ ಅಗಲವಾಗುತ್ತದೆಯೇ? ತೋಡಿದಷ್ಟೇ ಹರಿವು. ಸದ್ದನ್ನು ಸೆಕೆಂಡಿಗೆ 48,000 ಸಲ, ಸಲಕ್ಕೆ 16 ಬಿಟ್‌ನಂತೆ ಅಳೆದರೆ ಎರಡು ವಾಹಿನಿಗೆ 15.36 ಲಕ್ಷ ಬಿಟ್. ಹೋಮ್ ಥಿಯೇಟರಿನ (5.1) ಆರು ವಾಹಿನಿಗೆ 46.08 ಲಕ್ಷ. ಮೂರು ಪಟ್ಟು.

ಹಾಗಾದರೆ ಸಿನಿಮಾ ಹೇಗೆ ದಾಟಿತು? ಇಲ್ಲಿ ಉಪಮೆ ಬದಲಿಸುತ್ತೇನೆ, ಕಾಲುವೆಯಲ್ಲಿ ಬೆಲ್ಲ ತೇಲುವುದಿಲ್ಲ. ಬೈಲಹೊಂಗಲದ ಕಬ್ಬಿನ ಹಾಲನ್ನು ದೂರದೂರಿಗೆ ಯಾರೂ ಕೊಡದಲ್ಲಿ ಹೊರುವುದಿಲ್ಲ. ಕಾಯಿಸಿ ಬೆಲ್ಲ ಮಾಡಿ ಕಳಿಸುತ್ತಾರೆ, ಬೇಕಾದವರು ಕರಗಿಸಿಕೊಳ್ಳುತ್ತಾರೆ. ಡಾಲ್ಬಿ ಡಿಜಿಟಲ್ ಅಂಥ ಬೆಲ್ಲ. ಡಿವಿಡಿಯಲ್ಲಿ ಆರು ವಾಹಿನಿಗಳನ್ನು ಸೆಕೆಂಡಿಗೆ ಹೆಚ್ಚೆಂದರೆ 4.48 ಲಕ್ಷ ಬಿಟ್‌ಗೆ ಇಳಿಸಿರುತ್ತಾರೆ, ಹತ್ತು ಪಾಲಿಗೆ ಒಂದು ಪಾಲು. ಹತ್ತು ಟನ್ ಕಬ್ಬಿಗೆ ಸುಮಾರು ಒಂದು ಟನ್ ಬೆಲ್ಲ ಸಿಗುವುದು ಕಾಕತಾಳೀಯವಾದರೂ ನನಗೆ ಪ್ರಿಯವಾದ ಲೆಕ್ಕ. ಕುದಿಯುವಾಗ ಕೊಳೆ ತೆಗೆದಂತೆ ಇಲ್ಲೂ ಕೆಲವನ್ನು ಬಿಸಾಡುತ್ತಾರೆ. ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಜಾಗಟೆ ಬಾರಿಸುವಾಗ ಪಕ್ಕದವರ ಪಿಸುಮಾತು ಕೇಳದು. ಕೇಳದ್ದನ್ನು ಕಳಿಸಿ ಏನು ಪ್ರಯೋಜನ?

ಈ ಇಕ್ಕಟ್ಟು ಮೊದಲು ಕಾಡಿದ್ದು ಸಿನಿಮಾ ರೀಲನ್ನು. 35 ಮಿ.ಮೀ. ಫಿಲ್ಮಿನಲ್ಲಿ ಚಿತ್ರವೂ ಹಳೆಯ ಧ್ವನಿಪಟ್ಟಿಯೂ ಜಾಗ ಹಿಡಿದು ಕೂತಿದ್ದವು. ಡಾಲ್ಬಿ ಎಂಜಿನಿಯರುಗಳು ಅಂಚಿನ ತೂತುಗಳ ನಡುವಿನ ಖಾಲಿ ಚೌಕಗಳಲ್ಲಿ ಸದ್ದನ್ನು ಚುಕ್ಕಿಗಳಾಗಿ ಅಚ್ಚೊತ್ತಿದರು, ಗುಡ್ಡದ ಸಂದಿಯಲ್ಲಿ ನುಸುಳುವ ಮಲಪ್ರಭೆಯ ಹಾಗೆ. 1992ರಲ್ಲಿ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ ತೆರೆಗೆ ಬಂದದ್ದು ಹೀಗೆ. ಅಲ್ಲಿ ಹಿಡಿದದ್ದು ಸೆಕೆಂಡಿಗೆ 3.2 ಲಕ್ಷ ಬಿಟ್ ಮಾತ್ರ.

ಡಿವಿಡಿಯಲ್ಲಿ ಬೆಲ್ಲ ಮೊದಲೇ ಸಿದ್ಧ. ಕಂಪ್ಯೂಟರ್ ಅದನ್ನು ಮುಟ್ಟದೆ ದಾಟಿಸುತ್ತದೆ, ರಿಸೀವರ್ ಕರಗಿಸುತ್ತದೆ. ಗೇಮಿನಲ್ಲಿ ಹಾಗಲ್ಲ. ನೀವು ಯಾವಾಗ ಗುಂಡು ಹಾರಿಸುತ್ತೀರೋ ಯಾರಿಗೆ ಗೊತ್ತು. ಹಾಲು ಆಗಷ್ಟೇ ಗಾಣದಿಂದ ಇಳಿಯುತ್ತಿರುತ್ತದೆ. ಡಾಲ್ಬಿ ಡಿಜಿಟಲ್ ಲೈವ್ ಇರುವ ಸೌಂಡ್ ಕಾರ್ಡ್ ನಿಂತಲ್ಲೇ ಬೆಲ್ಲ ಕಾಯಿಸಬಲ್ಲದು, ಸದ್ದು ಕೊಂಚ ತಡವಾಗುತ್ತದೆ. ಅದಿಲ್ಲದಿದ್ದರೆ ಎರಡೇ ವಾಹಿನಿ.

ಅಂಗಡಿಯಲ್ಲಿ ಬಂಗಾರದ ಲೇಪದ ಆಪ್ಟಿಕಲ್ ವಾಯರ್ ತೋರಿಸಿದರೆ ನಕ್ಕು ಮುಂದೆ ಹೋಗಿ. ಒಳಗೆ ಓಡುವುದು ಬೆಳಕು. ಅದಕ್ಕೆ ಬಂಗಾರದ ಹಂಗಿಲ್ಲ.

ದೊಡ್ಡ ಕಾಲುವೆ ಬೇಕಿದ್ದರೆ ಎಚ್‌ಡಿಎಂಐ. 2002ರ ಮೊದಲ ಆವೃತ್ತಿಯೇ ಎಂಟು ವಾಹಿನಿಗಳನ್ನು ಹಿಂಡದೆ ಒಯ್ಯುತ್ತಿತ್ತು. ಆದರೆ ಕಂಪ್ಯೂಟರಿನಿಂದ ನೇರ ರಿಸೀವರಿಗೆ, ಅಲ್ಲಿಂದ ಟಿವಿಗೆ ಹೋಗಿ. ಟಿವಿಗೆ ಹಾಕಿ ಅಲ್ಲಿಂದ ‘ಎಆರ್‌ಸಿ’ಯಲ್ಲಿ ತಂದರೆ ಮತ್ತೆ ಅದೇ ಸಣ್ಣ ಕಾಲುವೆ, ‘ಇಎಆರ್‌ಸಿ’ ಎಂದು ಬರೆದಿದ್ದರೆ ಮಾತು ಬೇರೆ. ಬಳಿಕ ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ ರಿಸೀವರನ್ನು ಆರಿಸಿ, ಸ್ಟೀರಿಯೋ ಎಂದಿದ್ದರೆ 5.1 ಮಾಡಿ. ಟೆಸ್ಟ್ ಒತ್ತಿದರೆ ಬಾಕ್ಸುಗಳು ಒಂದೊಂದಾಗಿ ಓಗೊಡುತ್ತವೆ. ‘ಹಿಂದಿನ ಎಡ’ ಎಂದಾಗ ಬಲಗಡೆಯದು ಓಗೊಟ್ಟರೆ, ರಿಸೀವರಿನ ಹಿಂಬದಿ ತಂತಿ ಅದಲು ಬದಲಾಗಿದೆ.