ಕಾಗೋಡಿನ ಕೊಳಗ

ಸಮಾನತೆಯ ಚಳವಳಿಗಳ ಚರಿತ್ರೆ ಓದಲು ಹೊರಟವರು ನಾಯಕರ ಹೆಸರು ಹಿಡಿದು ಹೊರಡುವುದೇ ಹೆಚ್ಚು. ಕಾಗೋಡು ಸತ್ಯಾಗ್ರಹ ಎಂದೊಡನೆ ಸಮಾಜವಾದಿ ನಾಯಕರಾದ ಲೋಹಿಯಾ, ಶಾಂತವೇರಿ ಗೋಪಾಲಗೌಡ ನೆನಪಾಗುತ್ತಾರೆ. ನನ್ನ ಮಟ್ಟಿಗೆ ಅಲ್ಲಿ ಮೊದಲು ನೋಡಬೇಕಾದದ್ದು ಭತ್ತ ಅಳೆಯುವ ಕೊಳಗ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಆ ಊರಲ್ಲಿ 1951ರ ಹೊತ್ತಿಗೆ ಗದ್ದೆ ಧಣಿಗಳದು, ಗೇಯುವವರು ಗೇಣಿದಾರರು. ಅವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕಿತ್ತು. ಧಣಿಗಳ ಕೊಳಗವೋ ಸರ್ಕಾರಿ ಅಳತೆಗಿಂತ ದೊಡ್ಡದು. ಖಂಡುಗಕ್ಕೆ ಇಪ್ಪತ್ತು ಕೊಳಗ. ಅಂದರೆ ಒಂದೊಂದು ಖಂಡುಗಕ್ಕೂ ಇಪ್ಪತ್ತು ಸಲ ಹೆಚ್ಚುವರಿ ಭತ್ತ ಧಣಿಯ ಕಣಜಕ್ಕೆ. ಬಾಯಿಲೆಕ್ಕದಲ್ಲಿ ಗೇಣಿ ಏರಿದ್ದೇ ಇಲ್ಲ! ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಈ ಅಳತೆಯನ್ನೇ ಪ್ರಶ್ನಿಸಿತು. ಜಗಳ ಬಲಿತು ಗೇಣಿದಾರರನ್ನು ಗದ್ದೆಗೆ ಇಳಿಯದಂತೆ ತಡೆದಾಗ, 1951ರ ಏಪ್ರಿಲ್‌ನಲ್ಲಿ ಅವರು ಸತ್ಯಾಗ್ರಹ ಹೂಡಿದರು. ಸಮಾಜವಾದಿಗಳು ಜೊತೆಗೂಡಿದರು, ಜೂನ್‌ನಲ್ಲಿ ಬಂದ ಲೋಹಿಯಾ ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ವಿಧಾನಸಭೆಗೆ ಆರಿಸಿಬಂದರು.

ಇಂಥ ಚಳವಳಿಯ ಚರಿತ್ರೆಗೆ ದಾಖಲೆ ಹುಡುಕುವುದು ಸಲೀಸಲ್ಲ. ಪೊಲೀಸರ ಕಡತದಲ್ಲಿ ಬಂಧಿತರ ಹೆಸರು ಸಿಕ್ಕೀತು, ಪತ್ರಿಕೆಗಳಲ್ಲಿ ಭಾಷಣ ಸಿಕ್ಕೀತು. ಆದರೆ ಮಲೆನಾಡಿನಲ್ಲಿ ಎಷ್ಟೋ ಗೇಣಿ ನಡೆದದ್ದು ಬರೀ ಬಾಯಿಮಾತಿನ ಮೇಲೆ; ರಸೀದಿಯಿಲ್ಲ, ಪಹಣಿಯಲ್ಲಿ ಗೇಯುವವನ ಹೆಸರಿಲ್ಲ. ಗಂಡಸರು ಜೈಲಿಗೆ ಹೋದಾಗ ಮನೆ, ದನಕರು ನೋಡಿಕೊಂಡ ಹೆಂಗಸರ ಸುದ್ದಿಯನ್ನಂತೂ ಯಾವ ಕಡತವೂ ಎತ್ತುವುದಿಲ್ಲ. ಅದಕ್ಕೇ ಇಲ್ಲಿ ಊರ ಹಿರಿಯರ ನೆನಪಿಗೆ ಬೆಲೆ. ನೆನಪನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಅನ್ನಿ: ಗೆದ್ದ ಮೇಲೆ ಎಲ್ಲರೂ ಸತ್ಯಾಗ್ರಹಿಗಳೇ. ಧಣಿಗಳ ಮನೆಯವರನ್ನೂ ಕೇಳಬೇಕು, ಕೇಳಿದ್ದನ್ನು ಕೋರ್ಟಿನ ಕಾಗದದೊಂದಿಗೆ ತಾಳೆ ನೋಡಬೇಕು.

ಗೆಲುವು ಎಂದೆನಲ್ಲ, ಅದು ಕೈಗೆ ಬಂದದ್ದು ತಡವಾಗಿ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ತಾವು ಗೇಯುತ್ತಿದ್ದ ಗದ್ದೆಯ ಹಕ್ಕು ಕೋರಿ ‘ಡಿಕ್ಲರೇಷನ್ ಹಾಕಿದರು’. ತಾಲ್ಲೂಕಿನ ಭೂನ್ಯಾಯಮಂಡಳಿಗಳು ವಿಚಾರಣೆ ನಡೆಸಿದವು. ಹಿಂದೆ ಪಹಣಿಯಲ್ಲಿ ಕಾಣದಿದ್ದ ಸಾಗುವಳಿಯ ಕಥೆ ಈ ಕಡತಗಳಲ್ಲಿ ಸಾಕ್ಷಿಗಳ ಹೇಳಿಕೆಯಾಗಿ ದೊರೆಯುತ್ತದೆ. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಗಣಿ ಕಡಿಮೆ.

ಆದರೆ ಡಿಕ್ಲರೇಷನ್ ಹಾಕಲು ಮೊದಲು ಗೇಣಿಯಾದರೂ ಇರಬೇಕಿತ್ತು. ಅದೇ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅವರಲ್ಲೂ ದಲಿತರಿಗೆ, ಈ ಕಾಯ್ದೆಯಿಂದ ದಕ್ಕಿದ್ದು ಅತ್ಯಲ್ಪ. ಇದೇ ಜಿಲ್ಲೆಯ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಬೆಳೆದ ದಲಿತ ಸಂಘರ್ಷ ಸಮಿತಿ ಭೂಮಿಯ ಪ್ರಶ್ನೆಯನ್ನು ಈ ಕೂಲಿಕಾರರ ಕಡೆಯಿಂದ ಎತ್ತಿತು. ಅದರ ಚರಿತ್ರೆ ಬರೆಯುವವರು ಗೇಣಿ ಕಡತ ಬಿಟ್ಟು ಕರಪತ್ರ, ಹೋರಾಟದ ಹಾಡು, ಸರ್ಕಾರಿ ಜಮೀನಿನ ಅರ್ಜಿಗಳತ್ತ ಹೋಗಬೇಕಾಗುತ್ತದೆ.